ಮೋಟಾರು ಗಾಡಿಯ ಮೈಲುಗಲ್ಲುಗಳು

ಸೊರಬ ತಾಲ್ಲೂಕಿನ ಉಳವಿಯಲ್ಲಿ ರಸ್ತೆಯ ಬದಿಗೆ ಅರ್ಧ ಗಂಟೆ ನಿಂತರೆ ಸಾಕು, ಮನುಷ್ಯನ ಪ್ರಯಾಣದ ಚರಿತ್ರೆಯ ಮುಖ್ಯ ಅಧ್ಯಾಯಗಳೆಲ್ಲ ಕಣ್ಣ ಮುಂದೆ ಹಾದುಹೋಗುತ್ತವೆ. ಮೊದಲು ಹುಲ್ಲು ಹೇರಿದ ಎತ್ತಿನ ಗಾಡಿ. ಅದರ ಹಿಂದೆ ಭತ್ತದ ಚೀಲಗಳನ್ನು ಹೊತ್ತ ಟ್ರ್ಯಾಕ್ಟರು. ತರುವಾಯ ಹಾರನ್ನು ಬಾರಿಸುತ್ತ ಬರುವ ಬಸ್ಸು. ನಡುನಡುವೆ ಕಾರು, ಮೋಟಾರು ಸೈಕಲ್ಲು. ಕೊನೆಗೆ, ಬೆನ್ನ ಹಿಂದೆ ಬಂದು ನಿಂತ ಮೇಲೆಯೇ ಗೊತ್ತಾಗುವ, ಸದ್ದಿಲ್ಲದ ವಿದ್ಯುತ್ ಸ್ಕೂಟರು.

ಈಚೆಗೆ ತರಗತಿಯಲ್ಲಿ ವಿದ್ಯುತ್ ಮೋಟಾರಿನ ಪಾಠ ನಡೆದಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದನು: “ಸರ್, ಈ ಮೋಟಾರು ಇಷ್ಟು ಸರಳವಾಗಿರುವಾಗ, ಜನರು ಮೊದಲೇ ವಿದ್ಯುತ್ ಗಾಡಿಯನ್ನು ಏಕೆ ಮಾಡಲಿಲ್ಲ? ಪೆಟ್ರೋಲಿನ ಹೊಗೆಯನ್ನು ಇಷ್ಟು ವರ್ಷ ಏಕೆ ಕುಡಿದರು?” ಪ್ರಶ್ನೆ ಒಳ್ಳೆಯದೇ. ಆದರೆ ಅದರಲ್ಲಿ ಒಂದು ತಪ್ಪು ಗ್ರಹಿಕೆಯಿದೆ. ಜನರು ವಿದ್ಯುತ್ ಗಾಡಿಯನ್ನು ಮೊದಲೇ ಮಾಡಿದ್ದರು. ಅದು ಒಮ್ಮೆ ಪೆಟ್ರೋಲು ಗಾಡಿಗಿಂತ ಮುಂದೆಯೂ ಇದ್ದಿತು, ಬಳಿಕ ಸೋತಿತು, ಈಗ ಮರಳಿ ಬಂದಿದೆ. ಅದು ಸೋತದ್ದು ಏಕೆ, ಮರಳಿದ್ದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಮೋಟಾರು ಗಾಡಿಯ ಚರಿತ್ರೆಯ ಕೆಲವು ಮೈಲುಗಲ್ಲುಗಳ ಬಳಿ ನಿಂತು ನೋಡಬೇಕು. ಅಲ್ಲಿ ನಮಗೆ ಕಾಣುವುದು ಬರಿಯ ಗೆಲುವುಗಳ ಸಾಲಲ್ಲ. ಒಂದು ತೊಡಕು, ಅದಕ್ಕೊಂದು ಪರಿಹಾರ, ಆ ಪರಿಹಾರದಿಂದ ಹುಟ್ಟಿದ ಮತ್ತೊಂದು ತೊಡಕು, ಹೀಗೆ ಸಾಗುವ ಸರಪಳಿ.

೧. ಉಗಿಯಿಂದ ಕಿಡಿಗೆ

ಪ್ರಾಣಿಗಳ ಸಹಾಯವಿಲ್ಲದೆ ತಾನಾಗಿ ಚಲಿಸಿದ ಮೊದಲ ದೊಡ್ಡ ಗಾಡಿ ಉಗಿಯದು. ಫ್ರಾನ್ಸಿನ ಸೇನೆಯಲ್ಲಿ ಎಂಜಿನಿಯರಾಗಿದ್ದ ಕ್ಯೂನ್ಯೊ ಎಂಬವನು ಫಿರಂಗಿಗಳನ್ನು ಎಳೆಯಲೆಂದು ೧೭೬೯ರಲ್ಲಿ ಮೂರು ಗಾಲಿಗಳ ಒಂದು ಉಗಿಗಾಡಿಯನ್ನು ನಡೆಸಿ ತೋರಿಸಿದನು. ಅದರ ವೇಗ ಗಂಟೆಗೆ ಸುಮಾರು ೪ ಕಿಲೋಮೀಟರು. ಎಂದರೆ ನಾವು ನಡೆಯುವಷ್ಟೇ. ಅದು ಸ್ವಲ್ಪ ದೂರ ಹೋಗಿ ನಿಲ್ಲುತ್ತಿದ್ದಿತು. ಮತ್ತೆ ಉಗಿ ತುಂಬುವವರೆಗೂ ಕಾಯಬೇಕಾಗುತ್ತಿದ್ದಿತು. ಉಗಿಯಂತ್ರದಲ್ಲಿ ಬೆಂಕಿ ಸಿಲಿಂಡರಿನ ಹೊರಗಿರುತ್ತದೆ. ಮೊದಲು ನೀರು ಕಾಯಬೇಕು, ಬಳಿಕ ಅದು ಉಗಿಯಾಗಬೇಕು, ಆ ಉಗಿ ಪಿಸ್ಟನ್ನನ್ನು ತಳ್ಳಬೇಕು. ಈ ಸುತ್ತುಬಳಸಿನ ಹಾದಿಯಲ್ಲಿ ಶಾಖದ ಬಹುಭಾಗ ನಷ್ಟವಾಗುತ್ತದೆ. ಅದಲ್ಲದೆ ಬಾಯ್ಲರು, ನೀರು, ಸೌದೆ ಅಥವಾ ಕಲ್ಲಿದ್ದಲು ಇವೆಲ್ಲವನ್ನೂ ಗಾಡಿಯೇ ಹೊರಬೇಕು.

ಬೆಂಕಿಯನ್ನು ಸಿಲಿಂಡರಿನ ಒಳಗೇ ಹೊತ್ತಿಸಿದರೆ ಹೇಗೆ? ಈ ವಿಚಾರವನ್ನು ಸಫಲಗೊಳಿಸಿದವರಲ್ಲಿ ಜರ್ಮನಿಯ ನಿಕೊಲಾಸ್ ಆಟೋ ಮುಖ್ಯನು. ೧೮೭೬ರಲ್ಲಿ ಅವನು ಮಾಡಿದ ಎಂಜಿನ್ನು ನಾಲ್ಕು ಸ್ಟ್ರೋಕುಗಳದ್ದು. ಪಿಸ್ಟನ್ನು ಮೊದಲ ಬಾರಿ ಇಳಿಯುವಾಗ ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುತ್ತದೆ; ಏರುವಾಗ ಅದನ್ನು ಅದುಮುತ್ತದೆ; ಆಗ ಹೊತ್ತಿಸಿದ ಮಿಶ್ರಣ ಉರಿದು ಹಿಗ್ಗಿ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ; ನಾಲ್ಕನೆಯ ನಡೆಯಲ್ಲಿ ಉರಿದ ಅನಿಲ ಹೊರಗೆ ಹೋಗುತ್ತದೆ. ನಾಲ್ಕರಲ್ಲಿ ಕೆಲಸ ದೊರೆಯುವುದು ಒಂದರಲ್ಲಿ ಮಾತ್ರ. ಆದರೂ ಎರಡನೆಯದಾದ ಅದುಮುವ ನಡೆಯಲ್ಲಿಯೇ ಇದರ ಗುಟ್ಟೆಲ್ಲ ಅಡಗಿದೆ. ಶಾಖವಿಜ್ಞಾನದ ಲೆಕ್ಕದಂತೆ, ಮಿಶ್ರಣವನ್ನು ಎರಡೂವರೆ ಪಟ್ಟು ಮಾತ್ರ ಅದುಮಿ ಹೊತ್ತಿಸಿದರೆ, ಆದರ್ಶ ಎಂಜಿನ್ನು ಶಾಖದ ೧೦೦ ಭಾಗಗಳಲ್ಲಿ ಸುಮಾರು ೩೦ನ್ನು ಕೆಲಸವಾಗಿ ಮಾರ್ಪಡಿಸಬಲ್ಲುದು. ಹತ್ತು ಪಟ್ಟು ಅದುಮಿದರೆ ಸುಮಾರು ೬೦ನ್ನು. ನಿಜವಾದ ಎಂಜಿನ್ನಿನಲ್ಲಿ ದೊರೆಯುವುದು ಇದರ ಅರ್ಧದಷ್ಟು. ಹೆಚ್ಚು ಅದುಮಿದಷ್ಟೂ ಹೆಚ್ಚು ಲಾಭ ಎಂಬ ಈ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ಒಂದು ದೊಡ್ಡ ಅನರ್ಥಕ್ಕೂ ಕಾರಣವಾಯಿತು.

ಆಟೋನ ಎಂಜಿನ್ನು ನೆಲಕ್ಕೆ ಬಿಗಿದು ನಿಲ್ಲಿಸುವಂಥದು. ಅದೇ ತತ್ತ್ವದ ಹಗುರವಾದ ಎಂಜಿನ್ನನ್ನು ಮೂರು ಗಾಲಿಗಳ ಗಾಡಿಗೆ ಅಳವಡಿಸಿ, ೧೮೮೬ನೆಯ ಇಸವಿ ಜನವರಿ ೨೯ರಂದು ಕಾರ್ಲ್ ಬೆಂಜ್‌ನು ಪೇಟೆಂಟಿಗೆ ಅರ್ಜಿ ಹಾಕಿದನು. ಮೋಟಾರು ಗಾಡಿಯ ಹುಟ್ಟುಹಬ್ಬವೆಂದು ಈ ದಿನವನ್ನೇ ಎಣಿಸುವುದು ವಾಡಿಕೆ. ಆ ಎಂಜಿನ್ನಿನ ಸಾಮರ್ಥ್ಯ ಮುಕ್ಕಾಲು ಅಶ್ವಸಾಮರ್ಥ್ಯ. ಒಂದು ಜೊತೆ ಒಳ್ಳೆಯ ಎತ್ತುಗಳು ದಣಿಯದೆ ಕೊಡುವ ಸಾಮರ್ಥ್ಯಕ್ಕೆ ಸುಮಾರಾಗಿ ಸಮ. ಆದುದರಿಂದ ಮೊದಲ ಮೋಟಾರು ಗಾಡಿಯು ಬಲದಲ್ಲಿ ನಮ್ಮೂರಿನ ಎತ್ತಿನ ಗಾಡಿಯನ್ನು ಮೀರಿಸಿರಲಿಲ್ಲ.

೨. ಒಬ್ಬ ಗೃಹಿಣಿಯ ಪ್ರಯಾಣ

ಗಾಡಿ ಸಿದ್ಧವಾಯಿತೇ ಹೊರತು ಕೊಳ್ಳುವವರು ಮುಂದೆ ಬರಲಿಲ್ಲ. ಅದನ್ನು ದೂರದ ಊರಿಗೆ ಓಡಿಸಿ ತೋರಿಸುವ ಧೈರ್ಯ ಮಾಡಿದವಳು ಬೆಂಜ್‌ನ ಹೆಂಡತಿ ಬರ್ಥಾ. ೧೮೮೮ರ ಆಗಸ್ಟ್ ತಿಂಗಳಲ್ಲಿ ಆಕೆ, ಗಂಡನಿಗೆ ಹೇಳದೆ, ತನ್ನ ಇಬ್ಬರು ಹುಡುಗರನ್ನು ಕೂರಿಸಿಕೊಂಡು ಮಾನ್‌ಹೈಮ್ ಎಂಬ ಊರಿನಿಂದ ತನ್ನ ತವರಾದ ಫೋರ್ಟ್ಸ್‌ಹೈಮಿಗೆ ಹೊರಟಳು. ಅದು ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ.

ಈ ಪ್ರಯಾಣವನ್ನು ನಾವು ಒಂದು ಪ್ರಯೋಗವೆಂದೇ ಭಾವಿಸಬಹುದು. ಇಂಧನದ ಕೊಳವೆ ಕಟ್ಟಿಕೊಂಡಾಗ ಬರ್ಥಾ ತನ್ನ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಇಂಧನ ಮುಗಿದಾಗ ವೀಸ್ಲೋಖ್ ಎಂಬಲ್ಲಿಯ ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೊಯಿನ್ ಎಂಬ ದ್ರವವನ್ನು ಕೊಂಡಳು. ಎಂಜಿನ್ನನ್ನು ತಣಿಸುವ ನೀರು ಆವಿಯಾಗಿ ಹೋಗುತ್ತಿದ್ದುದರಿಂದ ದಾರಿಯುದ್ದಕ್ಕೂ ನೀರು ತುಂಬಬೇಕಾಯಿತು. ದಿಣ್ಣೆ ಬಂದಾಗ ಹುಡುಗರು ಇಳಿದು ತಳ್ಳಿದರು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡುಗಳು ಸವೆದುಹೋದವು. ಒಬ್ಬ ಚಮ್ಮಾರನಿಂದ ಅವಕ್ಕೆ ಚರ್ಮವನ್ನು ಹೊದಿಸಿಕೊಂಡಳು.

ಆ ದಿನದ ಒಂದೊಂದು ತೊಡಕೂ ಮುಂದಿನ ಒಂದೊಂದು ಮೈಲುಗಲ್ಲಾಯಿತು. ದಿಣ್ಣೆಯ ತೊಂದರೆಗೆ ಉತ್ತರವಾಗಿ ಹೆಚ್ಚಿನ ಗೇರು ಬಂದಿತು. ಇಂಧನವನ್ನು ಗಾಳಿಯೊಡನೆ ಸರಿಯಾಗಿ ಬೆರೆಸಲು ಮೈಬಾಖ್ ಎಂಬವನು ೧೮೯೩ರಲ್ಲಿ ಇಂಧನವನ್ನು ತುಂತುರಾಗಿ ಸಿಂಪಡಿಸುವ ಕಾರ್ಬುರೇಟರನ್ನು ರೂಪಿಸಿದನು. ನೀರು ಆವಿಯಾಗದೆ ತಿರುಗಿ ತಿರುಗಿ ತಣಿಯುವಂತೆ, ಜೇನುಹುಟ್ಟಿನ ಕಣ್ಣುಗಳಂಥ ರಂಧ್ರಗಳಿರುವ ರೇಡಿಯೇಟರು ೧೯೦೧ರ ಮರ್ಸಿಡಿಸ್ ಗಾಡಿಯಲ್ಲಿ ಕಾಣಿಸಿಕೊಂಡಿತು. ಕಿಡಿಯನ್ನು ನಂಬಬಹುದಾದ ರೀತಿಯಲ್ಲಿ ಹಾರಿಸುವ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ಗು ರಾಬರ್ಟ್ ಬಾಷ್‌ನ ಕಾರ್ಯಾಗಾರದಿಂದ ೧೯೦೨ರಲ್ಲಿ ಹೊರಬಂದವು.

ಗಾಲಿಯ ಕಥೆಯೂ ಇದೇ ವರ್ಷಕ್ಕೆ ಸೇರುತ್ತದೆ. ೧೮೮೮ರಲ್ಲಿಯೇ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಡನ್‌ಲಪ್‌ನು ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರು ಟಯರನ್ನು ಹಾಕಿದನು. ೧೮೯೫ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು ಅಂಥ ಟಯರನ್ನು ಮೋಟಾರು ಗಾಡಿಗೆ ತೊಡಿಸಿ ಪಂದ್ಯದಲ್ಲಿ ಓಡಿಸಿದರು. ಕಬ್ಬಿಣದ ಪಟ್ಟಿಯ ಗಾಲಿಗೆ ಕಲ್ಲೊಂದು ಸಿಕ್ಕಿದರೆ ಇಡೀ ಗಾಡಿಯೇ ಮೇಲೆದ್ದು ಬೀಳಬೇಕು. ಗಾಳಿಯ ಟಯರಾದರೋ ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಸಾಗುತ್ತದೆ. ಇಂದು ನಮ್ಮ ಕಡೆಯ ಎಷ್ಟೋ ಎತ್ತಿನ ಗಾಡಿಗಳಿಗೂ ಇದೇ ಟಯರು ಬಂದು ಎತ್ತಿನ ಕೊರಳಿನ ಭಾರ ಇಳಿದಿದೆ. ಮೋಟಾರು ಗಾಡಿಯು ತನ್ನ ಹಿರಿಯಣ್ಣನಿಗೆ ತೀರಿಸಿದ ಋಣವೆಂದು ಇದನ್ನು ಹೇಳಬಹುದು.

೩. ಒಂದು ಲೀಟರು ಪೆಟ್ರೋಲು

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಇಪ್ಪತ್ತನೆಯ ಶತಮಾನ ಆರಂಭವಾದಾಗ ಪೆಟ್ರೋಲು ಗಾಡಿ ಗೆಲ್ಲುವುದೆಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಗಂಟೆಗೆ ೧೦೦ ಕಿಲೋಮೀಟರು ವೇಗವನ್ನು ಮೊದಲು ದಾಟಿದ ಮೋಟಾರು ಗಾಡಿ ವಿದ್ಯುತ್ತಿನದು. ೧೮೯೯ರ ಏಪ್ರಿಲಿನಲ್ಲಿ ಬೆಲ್ಜಿಯಮಿನ ಜೆನಾಟ್ಸಿ ಅದನ್ನು ಪ್ಯಾರಿಸಿನ ಬಳಿ ಓಡಿಸಿದನು. ೧೯೦೦ರಲ್ಲಿ ಅಮೆರಿಕದಲ್ಲಿ ತಯಾರಾದ ಮೋಟಾರು ಗಾಡಿಗಳಲ್ಲಿ ಪೆಟ್ರೋಲಿನವು ಕಾಲು ಭಾಗಕ್ಕಿಂತಲೂ ಕಡಿಮೆ. ಉಳಿದವು ಉಗಿಯವು ಮತ್ತು ವಿದ್ಯುತ್ತಿನವು. ವಿದ್ಯುತ್ ಗಾಡಿಗೆ ಹೊಗೆಯಿಲ್ಲ, ಸದ್ದಿಲ್ಲ, ಗೇರಿನ ಕಾಟವಿಲ್ಲ. ಪೆಟ್ರೋಲು ಎಂಜಿನ್ನನ್ನು ಎಬ್ಬಿಸಬೇಕಾದರೆ ಮುಂದೆ ನಿಂತು ಹ್ಯಾಂಡಲನ್ನು ತಿರುಗಿಸಬೇಕು. ಎಂಜಿನ್ನು ಹಿಂದಕ್ಕೆ ಒದ್ದರೆ ಕೈಯೇ ಮುರಿಯುತ್ತಿದ್ದಿತು.

ಹಾಗಾದರೆ ವಿದ್ಯುತ್ ಗಾಡಿ ಸೋತದ್ದೇಕೆ? ಇದಕ್ಕೆ ಉತ್ತರ ಒಂದು ಸರಳವಾದ ಅಳತೆಯಲ್ಲಿದೆ: ಒಂದು ಕಿಲೋಗ್ರಾಮು ಭಾರದಲ್ಲಿ ಎಷ್ಟು ಶಕ್ತಿಯನ್ನು ಹೊತ್ತೊಯ್ಯಬಹುದು? ಆಗಿನ ಬ್ಯಾಟರಿಗಳಲ್ಲಿ ಮುಖ್ಯವಾದದ್ದು, ೧೮೫೯ರಲ್ಲಿ ಪ್ಲಾಂಟೆ ಕಂಡುಹಿಡಿದ ಸೀಸ-ಆಮ್ಲದ ಬ್ಯಾಟರಿ. ಇಂದಿನ ಸುಧಾರಿತ ರೂಪದಲ್ಲಿಯೂ ಅದು ಕಿಲೋಗ್ರಾಮಿಗೆ ಸುಮಾರು ೩೫ ವ್ಯಾಟ್-ಗಂಟೆಯಷ್ಟು ಶಕ್ತಿಯನ್ನು ಮಾತ್ರ ಹಿಡಿದಿಡುತ್ತದೆ. ಪೆಟ್ರೋಲಿನಲ್ಲಿಯಾದರೋ ಕಿಲೋಗ್ರಾಮಿಗೆ ೧೨,೦೦೦ ವ್ಯಾಟ್-ಗಂಟೆಗೂ ಮಿಗಿಲಾದ ಶಕ್ತಿಯಿದೆ. ಒಂದಕ್ಕೆ ಮುನ್ನೂರು ಪಟ್ಟಿಗೂ ಹೆಚ್ಚಿನ ಅಂತರ!

ಈ ಸಂಖ್ಯೆ ಮನಸ್ಸಿಗೆ ಹಿಡಿಯಬೇಕಾದರೆ ನಮ್ಮ ಜೋಗದ ಬಳಿ ನಿಲ್ಲಬೇಕು. ಅಲ್ಲಿ ಶರಾವತಿ ೨೫೩ ಮೀಟರು ಆಳಕ್ಕೆ ಧುಮುಕುತ್ತದೆ. ಒಂದು ಲೀಟರು ನೀರು ಅಷ್ಟು ಬಿದ್ದಾಗ ಬಿಡುಗಡೆಯಾಗುವ ಶಕ್ತಿ ೯.೮ × ೨೫೩, ಎಂದರೆ ಸುಮಾರು ೨,೪೮೦ ಜೂಲುಗಳು. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ೩ ಕೋಟಿ ೩೦ ಲಕ್ಷ ಜೂಲು ಶಾಖ ಹೊರಬೀಳುತ್ತದೆ. ಭಾಗಿಸಿ ನೋಡಿ: ಒಂದು ಲೀಟರು ಪೆಟ್ರೋಲಿಗೆ ಸಮನಾಗಬೇಕಾದರೆ ಜೋಗದಲ್ಲಿ ಸುಮಾರು ೧೩,೩೦೦ ಲೀಟರು ನೀರು ಧುಮುಕಬೇಕು. ನಾವು ಬಾಟಲಿಯಲ್ಲಿ ತುಂಬಿಸಿಕೊಂಡು ಬರುವ ಆ ದ್ರವದಲ್ಲಿ ಒಂದು ಪುಟ್ಟ ಜಲಪಾತವೇ ಅಡಗಿದೆ. ಪೆಟ್ರೋಲು ಗೆದ್ದದ್ದು ಈ ಕಾರಣದಿಂದ.

ಉಳಿದಿದ್ದ ಒಂದು ದೋಷವನ್ನು ಚಾರ್ಲ್ಸ್ ಕೆಟರಿಂಗ್‌ನು ನೀಗಿಸಿದನು. ೧೯೧೧ರಲ್ಲಿ ಅವನು ರಚಿಸಿದ ವಿದ್ಯುತ್ ಸ್ಟಾರ್ಟರು ೧೯೧೨ರ ಕ್ಯಾಡಿಲಾಕ್ ಗಾಡಿಗಳಲ್ಲಿ ಬಂದಿತು. ಹ್ಯಾಂಡಲನ್ನು ತಿರುಗಿಸುವ ಕಷ್ಟ ತಪ್ಪಿತು. ಇಲ್ಲಿರುವ ವಿಚಿತ್ರವನ್ನು ಗಮನಿಸಬೇಕು. ವಿದ್ಯುತ್ ಗಾಡಿಯನ್ನು ರಸ್ತೆಯಿಂದ ಹೊರದೂಡಿದ್ದು ಪೆಟ್ರೋಲು ಗಾಡಿಯ ಹೊಟ್ಟೆಯನ್ನು ಸೇರಿದ ಒಂದು ಚಿಕ್ಕ ವಿದ್ಯುತ್ ಮೋಟಾರು!

ಬೆಲೆಯ ತೊಡಕನ್ನು ಹೆನ್ರಿ ಫೋರ್ಡ್‌ನು ಬಿಡಿಸಿದನು. ೧೯೦೮ರಲ್ಲಿ ಹೊರಬಂದ ಅವನ ‘ಮಾಡೆಲ್ ಟಿ’ ಗಾಡಿಗೆ ಮೊದಲು ಬೆಲೆ ೮೫೦ ಡಾಲರು. ೧೯೧೩ರಲ್ಲಿ ಅವನ ಕಾರ್ಖಾನೆಯಲ್ಲಿ ಕೆಲಸಗಾರರು ಗಾಡಿಯ ಬಳಿಗೆ ಹೋಗುವ ಬದಲು ಗಾಡಿಯೇ ಕೆಲಸಗಾರರ ಮುಂದೆ ಸರಿದುಹೋಗುವ ಏರ್ಪಾಡಾಯಿತು. ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಚಾಸಿಯ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ೧೯೨೫ರ ವೇಳೆಗೆ ಅದೇ ಗಾಡಿಯ ಬೆಲೆ ೩೦೦ ಡಾಲರಿಗಿಂತ ಕೆಳಗೆ ಬಂದಿದ್ದಿತು.

೪. ಮೈಸೂರು ಸೀಮೆಯಲ್ಲಿ

ಅಮೆರಿಕದಲ್ಲಿ ಗಾಡಿ ಅಗ್ಗವಾದ ಕಾಲದಲ್ಲಿ ನಮ್ಮ ದೇಶಕ್ಕೆ ಅದು ಪರದೇಶದ ಸಾಮಾನು. ಇಲ್ಲಿಯೇ ಅದನ್ನು ತಯಾರಿಸಬೇಕೆಂದು ಹಟ ಹಿಡಿದವರು ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ೧೯೩೫ರಲ್ಲಿ, ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಪರಿಶೀಲಿಸಿ ಬಂದು, ಭಾರತದಲ್ಲಿ ಒಂದು ಕಾರ್ಖಾನೆಯ ಯೋಜನೆಯನ್ನು ಸಿದ್ಧಗೊಳಿಸಿದರು. ಬ್ರಿಟಿಷ್ ಆಡಳಿತದಿಂದ ಬೇಕಾದ ಬೆಂಬಲ ದೊರೆಯಲಿಲ್ಲ. ಅವರೊಡನೆ ಈ ವಿಚಾರದಲ್ಲಿ ಶ್ರಮಿಸಿದ ಉದ್ಯಮಿ ವಾಲ್‌ಚಂದ್ ಹೀರಾಚಂದರು ೧೯೪೦ರಲ್ಲಿ ಮೈಸೂರು ಸರ್ಕಾರದ ಸಹಯೋಗದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅವರ ಮೋಟಾರು ಸಂಸ್ಥೆ ‘ಪ್ರೀಮಿಯರ್’ ೧೯೪೪ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ವಿಮಾನವು ಮೋಟಾರಿಗಿಂತ ಮೊದಲೇ ಬೆಂಗಳೂರಿಗೆ ಬಂದುದು ಚರಿತ್ರೆಯ ಒಂದು ಸೋಜಿಗ.

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲಿಗೆ ಬರ ಬಂದಿತು. ಆಗ ನಮ್ಮ ರಸ್ತೆಗಳಲ್ಲಿ ಓಡಿದುದು ಇದ್ದಿಲು ಗ್ಯಾಸಿನ ಬಸ್ಸು. ಅದನ್ನು ಚಿಕ್ಕಂದಿನಲ್ಲಿ ಕಂಡಿದ್ದ ನಮ್ಮ ಅಜ್ಜ, ಬಸ್ಸಿನ ಹಿಂಬದಿಗೆ ಒಲೆ ಕಟ್ಟಿದ್ದರೆಂದೂ, ಹೊರಡುವ ಮೊದಲು ಕ್ಲೀನರು ಬಹಳ ಹೊತ್ತು ಗಾಳಿ ತಿರುವುತ್ತಿದ್ದನೆಂದೂ, ದಿಬ್ಬ ಬಂದರೆ ಗಂಡಸರೆಲ್ಲ ಇಳಿದು ನಡೆಯುತ್ತಿದ್ದರೆಂದೂ ಹೇಳುತ್ತಿದ್ದರು. ಇದರ ರಸಾಯನ ಸುಲಭವಾದುದು. ಇದ್ದಿಲನ್ನು ಸಾಲದಷ್ಟು ಗಾಳಿಯಲ್ಲಿ ಉರಿಸಿದರೆ ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ನೀರಿನ ಆವಿಯೂ ಸೇರಿದರೆ ಸ್ವಲ್ಪ ಜಲಜನಕವೂ ದೊರೆಯುತ್ತದೆ. ಎರಡೂ ಉರಿಯುವ ಅನಿಲಗಳು. ಆದರೆ ಗಾಳಿಯಲ್ಲಿನ ಸಾರಜನಕವು ಉರಿಯದೆ ಸಿಲಿಂಡರಿನಲ್ಲಿ ಜಾಗವನ್ನು ಆಕ್ರಮಿಸುವುದರಿಂದ ಎಂಜಿನ್ನಿನ ಸಾಮರ್ಥ್ಯ ಮೂರರಲ್ಲಿ ಒಂದು ಭಾಗಕ್ಕೂ ಹೆಚ್ಚಾಗಿ ಕುಗ್ಗುತ್ತಿದ್ದಿತು. ೧೮೮೮ರಲ್ಲಿ ಬರ್ಥಾಳ ಹುಡುಗರು ಗಾಡಿ ತಳ್ಳಿದ ಕಾರಣವೂ, ಮಲೆನಾಡಿನ ಪ್ರಯಾಣಿಕರು ಇಳಿದು ನಡೆದ ಕಾರಣವೂ ಒಂದೇ: ದಿಬ್ಬ ಕೇಳುವಷ್ಟು ಸಾಮರ್ಥ್ಯ ಎಂಜಿನ್ನಿನಲ್ಲಿರಲಿಲ್ಲ.

ಯುದ್ಧ ಮುಗಿದ ಮೇಲೆ, ೧೯೪೮ರ ಸೆಪ್ಟೆಂಬರು ೧೨ರಂದು, ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ೧೨೦ ಬಸ್ಸುಗಳೊಡನೆ ಆರಂಭವಾಯಿತು. ಇಂದಿನ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಮೂಲ ಅದೇ. ಹಳ್ಳಿಯ ಹುಡುಗ ಹುಡುಗಿಯರು ಪೇಟೆಯ ಹೈಸ್ಕೂಲಿಗೆ, ಕಾಲೇಜಿಗೆ ಹೋಗಿಬರುವಂತಾದುದರಲ್ಲಿ ಬಸ್ಸಿನ ಪಾಲು ದೊಡ್ಡದು. ಸ್ವಂತದ ಕಾರಿಗಿಂತ ಮೊದಲು ನಮ್ಮ ಜನಕ್ಕೆ ಮೋಟಾರು ಯುಗವನ್ನು ತೋರಿಸಿದ್ದು ಬಸ್ಸು.

ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಉಸಿರು ಡೀಸೆಲ್ ಎಂಜಿನ್ನು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಬಲ್ಲಿರಿ. ಗಾಳಿಯನ್ನು ಹದಿನೆಂಟು ಪಟ್ಟು ಅದುಮಿದರೆ ಅದರ ಉಷ್ಣತೆ ೫೦೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆಗ ಅದರೊಳಕ್ಕೆ ಎಣ್ಣೆಯನ್ನು ಚಿಮ್ಮಿಸಿದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್‌ನು ೧೮೯೭ರಲ್ಲಿ ಈ ಎಂಜಿನ್ನನ್ನು ಸಫಲವಾಗಿ ನಡೆಸಿದನಾದರೂ, ಎಣ್ಣೆಯನ್ನು ಸರಿಯಾದ ಕ್ಷಣದಲ್ಲಿ ಸರಿಯಾದ ಅಳತೆಯಲ್ಲಿ ಚಿಮ್ಮಿಸುವ ಚಿಕ್ಕ ಪಂಪು ಬಾಷ್ ಸಂಸ್ಥೆಯಿಂದ ಹೊರಬರುವವರೆಗೆ, ಎಂದರೆ ೧೯೨೭ರವರೆಗೆ, ಅದು ರಸ್ತೆಯ ಗಾಡಿಗಳಿಗೆ ಸುಲಭವಾಗಿ ಒಗ್ಗಲಿಲ್ಲ. ಕೂದಲೆಳೆಗಿಂತ ನವುರಾದ ಅಳತೆಯನ್ನು ಬೇಡುವ ಈ ಪಂಪನ್ನೂ ಸ್ಪಾರ್ಕ್ ಪ್ಲಗ್ಗನ್ನೂ ಬೆಂಗಳೂರಿನಲ್ಲಿಯೇ ತಯಾರಿಸಿದುದು, ೧೯೫೧ರಲ್ಲಿ ಸ್ಥಾಪಿತವಾದ, ಜನರು ‘ಮೈಕೋ’ ಎಂದು ಕರೆದ ಕಾರ್ಖಾನೆ. ವಿಶ್ವೇಶ್ವರಯ್ಯನವರ ಕನಸು ಇಡೀ ಗಾಡಿಯ ರೂಪದಲ್ಲಿ ನೆರವೇರುವುದಕ್ಕೆ ಮೊದಲು ಗಾಡಿಯ ಅತಿಸೂಕ್ಷ್ಮ ಅಂಗಗಳ ರೂಪದಲ್ಲಿ ಅವರ ನಾಡಿನಲ್ಲಿ ಬೇರೂರಿತು.

೫. ಪರಿಹಾರವೇ ತೊಡಕಾದಾಗ

ಹೆಚ್ಚು ಅದುಮಿದಷ್ಟೂ ಹೆಚ್ಚು ಲಾಭವೆಂದು ಹಿಂದೆ ಹೇಳಿದೆನಷ್ಟೆ. ಆದರೆ ಪೆಟ್ರೋಲನ್ನು ಮಿತಿಮೀರಿ ಅದುಮಿದರೆ ಅದು ಕ್ರಮವಾಗಿ ಉರಿಯದೆ ಒಮ್ಮೆಲೇ ಸಿಡಿದು ಎಂಜಿನ್ನನ್ನು ಬಡಿಯುತ್ತದೆ. ಈ ಬಡಿತವನ್ನು ತಡೆಯಲು ೧೯೨೧ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಒಂದು ಉಪಾಯವನ್ನು ಕಂಡುಹಿಡಿದನು: ಸೀಸದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಕೊಂಚ ಬೆರೆಸಿದರೆ ಸಾಕು. ಎಂಜಿನ್ನಿಗೆ ಅದು ಅಮೃತವಾಯಿತು. ಉಸಿರಾಡುವ ಜೀವಿಗಳಿಗೆ ವಿಷವಾಯಿತು. ಸೀಸವು ನರಗಳಿಗೂ ಮಿದುಳಿಗೂ ಹಾನಿ ಮಾಡುವ ಲೋಹ. ಅದರ ಪೆಟ್ಟು ಹೆಚ್ಚಾಗಿ ಬೀಳುವುದು ಬೆಳೆಯುವ ಮಕ್ಕಳ ಮೇಲೆ.

ಇದಕ್ಕೆ ಕೊನೆಯೂ ಒಂದು ಯಂತ್ರದ ಮೂಲಕವೇ ಮೊದಲಾಯಿತು. ೧೯೭೫ರಿಂದ ಅಮೆರಿಕದ ಕಾರುಗಳಲ್ಲಿ ಹೊಗೆಯನ್ನು ಶುದ್ಧಗೊಳಿಸುವ ವೇಗವರ್ಧಕದ ಪೆಟ್ಟಿಗೆ ಬಂದಿತು. ಸೀಸವು ಆ ವೇಗವರ್ಧಕವನ್ನು ಕೆಡಿಸುವುದರಿಂದ ಸೀಸವಿಲ್ಲದ ಪೆಟ್ರೋಲು ಅನಿವಾರ್ಯವಾಯಿತು. ಸೀಸದ ವಿಷವನ್ನು ತಡೆಯುವ ಬಗ್ಗೆ ೧೯೯೯ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ೨೦೦೦ದಲ್ಲಿ ಭಾರತದ ಪೆಟ್ರೋಲಿನಿಂದ ಸೀಸ ತೊಲಗಿತು. ಜಗತ್ತಿನಲ್ಲಿ ಕೊನೆಯದಾಗಿ ಅದನ್ನು ಬಿಟ್ಟ ದೇಶ ಅಲ್ಜೀರಿಯ, ೨೦೨೧ರಲ್ಲಿ. ಒಂದು ತಪ್ಪು ಪರಿಹಾರವನ್ನು ಹಿಂದೆಗೆದುಕೊಳ್ಳಲು ಮನುಷ್ಯಕುಲಕ್ಕೆ ನೂರು ವರ್ಷ ಹಿಡಿಯಿತು.

ವೇಗದ ವಿಷಯದಲ್ಲಿಯೂ ಹೀಗೆಯೇ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾ���ುದು. ಗಂಟೆಗೆ ೩೦ ಕಿಲೋಮೀಟರು ವೇಗದ ಗಾಡಿ ಬ್ರೇಕು ಹಾಕಿದ ಮೇಲೆ ೫ ಮೀಟರಿನಲ್ಲಿ ನಿಂತರೆ, ೬೦ರ ವೇಗದಲ್ಲಿ ಅದಕ್ಕೆ ೨೦ ಮೀಟರು ಬೇಕು. ಡಿಕ್ಕಿಯಾದಾಗ ಗಾಡಿ ನಿಂತರೂ ಒಳಗಿನವರು ಜಡತ್ವದಿಂದ ಅದೇ ವೇಗದಲ್ಲಿ ಮುಂದೆ ಹೋಗುತ್ತಾರೆ. ಅವರನ್ನು ಎದೆ ಮತ್ತು ಸೊಂಟಗಳಲ್ಲಿ ಹಿಡಿದು ನಿಲ್ಲಿಸುವ ಮೂರು ಬಿಂದುಗಳ ಬೆಲ್ಟನ್ನು ೧೯೫೯ರಲ್ಲಿ ವೋಲ್ವೋ ಸಂಸ್ಥೆಯ ನಿಲ್ಸ್ ಬೋಲಿನ್‌ನು ರಚಿಸಿದನು. ಸಂಸ್ಥೆಯು ಆ ಪೇಟೆಂಟನ್ನು ಎಲ್ಲ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ಅತಿ ಸರಳವಾದ ಈ ಪಟ್ಟಿಯಷ್ಟು ಪ್ರಾಣಗಳನ್ನು ಉಳಿಸಿದ ಸಾಧನ ಮೋಟಾರಿನಲ್ಲಿ ಮತ್ತೊಂದಿಲ್ಲವೆಂದರೆ ತಪ್ಪಾಗಲಾರದು.

೬. ಬೆಂಗಳೂರಿನ ಪುಟ್ಟ ಗಾಡಿ

ಇನ್ನು ವಿದ್ಯುತ್ ಗಾಡಿ ಮರಳಿದ ಕಥೆ. ಇದರ ಒಂದು ಮುಖ್ಯ ಅಧ್ಯಾಯ ನಮ್ಮ ನಾಡಿನಲ್ಲಿಯೇ ನಡೆಯಿತು. ಚೇತನ್ ಮೈನಿಯವರೂ ಅವರ ಸಂಗಡಿಗರೂ ಬೆಂಗಳೂರಿನಲ್ಲಿ ರೂಪಿಸಿದ ‘ರೇವಾ’ ಎಂಬ ಎರಡು ಬಾಗಿಲಿನ ಪುಟ್ಟ ವಿದ್ಯುತ್ ಕಾರು ೨೦೦೧ರಲ್ಲಿ ಮಾರಾಟಕ್ಕೆ ಬಂದಿತು. ೨೦೦೪ರಿಂದ ಅದು ‘ಜಿ-ವಿಜ್’ ಎಂಬ ಹೆಸರಿನಿಂದ ಲಂಡನ್ ನಗರದಲ್ಲಿಯೂ ಓಡಾಡಿತು.

ಆ ಗಾಡಿಯ ಲೆಕ್ಕವನ್ನು ನೋಡೋಣ. ಅದರಲ್ಲಿದ್ದುದು ೬ ವೋಲ್ಟಿನ ಎಂಟು ಸೀಸ-ಆಮ್ಲದ ಬ್ಯಾಟರಿಗಳು, ಒಟ್ಟು ೪೮ ವೋಲ್ಟು, ೨೦೦ ಆಂಪಿಯರ್-ಗಂಟೆ. ಗುಣಿಸಿದರೆ ೯,೬೦೦ ವ್ಯಾಟ್-ಗಂಟೆ. ಕಿಲೋಗ್ರಾಮಿಗೆ ೩೫ರಂತೆ ಲೆಕ್ಕ ಹಾಕಿದರೆ ಬ್ಯಾಟರಿಗಳ ಭಾರ ಸುಮಾರು ೨೭೫ ಕಿಲೋಗ್ರಾಮು. ಒಂದು ಲೀಟರು ಪೆಟ್ರೋಲಿನಲ್ಲಿರುವ ಶಕ್ತಿ ಎಷ್ಟು? ಸುಮಾರು ೯,೨೦೦ ವ್ಯಾಟ್-ಗಂಟೆ. ಕಾಲು ಟನ್ನಿಗೂ ಮೀರಿದ ಬ್ಯಾಟರಿಯಲ್ಲಿ ತುಂಬಿದ್ದುದು ಒಂದು ಲೀಟರು ಪೆಟ್ರೋಲಿನಷ್ಟೇ ಶಕ್ತಿ!

ಆದರೂ ಆ ಗಾಡಿ ಒಮ್ಮೆ ತುಂಬಿಸಿದರೆ ಸುಮಾರು ೮೦ ಕಿಲೋಮೀಟರು ಹೋಗುತ್ತಿದ್ದಿತು. ಒಂದು ಲೀಟರು ಪೆಟ್ರೋಲಿನಲ್ಲಿ ಸಣ್ಣ ಕಾರು ೧೫ರಿಂದ ೨೦ ಕಿಲೋಮೀಟರು ಹೋದರೆ ಹೆಚ್ಚು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ದಕ್ಷತೆ. ಪೆಟ್ರೋಲಿನ ಶಕ್ತಿಯಲ್ಲಿ ಗಾಲಿಯನ್ನು ತಲುಪುವುದು ಹೆಚ್ಚೆಂದರೆ ಕಾಲು ಭಾಗ. ಉಳಿದುದು ರೇಡಿಯೇಟರಿನ ಶಾಖವಾಗಿಯೂ ಹೊಗೆಯ ಶಾಖವಾಗಿಯೂ ಹೋಗುತ್ತದೆ. ವಿದ್ಯುತ್ ಗಾಡಿಯಲ್ಲಿ ಬ್ಯಾಟರಿಯ ಶಕ್ತಿಯ ಮುಕ್ಕಾಲು ಭಾಗಕ್ಕೂ ಹೆಚ್ಚು ಗಾಲಿಗೆ ತಲುಪುತ್ತದೆ. ಇದರೊಡನೆ ಗಾಡಿ ಹಗುರವಾಗಿಯೂ ವೇಗ ಮಿತವಾಗಿಯೂ ಇದ್ದಿತು.

ಮತ್ತೊಂದು ಲಾಭವನ್ನು ಮಲೆನಾಡಿನವರು ಚೆನ್ನಾಗಿ ಅರಿಯಬಲ್ಲರು. ಹುಲಿಕಲ್ ಘಾಟಿಯನ್ನು ಇಳಿಯುವ ಬಸ್ಸನ್ನು ಊಹಿಸಿಕೊಳ್ಳಿ. ಅದರ ಭಾರ ೧೦ ಟನ್ನು, ಇಳಿಯುವ ಎತ್ತರ ೫೦೦ ಮೀಟರು ಎಂದಿಟ್ಟುಕೊಂಡರೆ, ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ೪ ಕೋಟಿ ೯೦ ಲಕ್ಷ ಜೂಲು. ಬಚ್ಚಲುಮನೆಯ ಹಂಡೆಯಲ್ಲಿ ಸುಮಾರು ೧೫೦ ಲೀಟರು ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಸಾಕಾಗುವಷ್ಟು ಶಾಖ ಇದು. ಇದೆಲ್ಲವೂ ಬ್ರೇಕು, ಎಂಜಿನ್ನು ಮತ್ತು ಗಾಳಿಯ ತಡೆಯಲ್ಲಿ ಕರಗಿಹೋಗುತ್ತದೆ. ಘಾಟಿಯಲ್ಲಿ ಚಾಲಕರು ಕೆಳಗಿನ ಗೇರಿನಲ್ಲಿಯೇ ಇಳಿಯುವುದು ಬ್ರೇಕೊಂದೇ ಈ ಶಾಖವನ್ನು ತಡೆಯಲಾರದೆಂಬುದರಿಂದ. ವಿದ್ಯುತ್ ಗಾಡಿಯಲ್ಲಿ ವೇಗವನ್ನು ತಗ್ಗಿಸುವಾಗ ಮೋಟಾರೇ ಜನರೇಟರಾಗಿ ತಿರುಗಿ ಈ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ರೇವಾದಲ್ಲಿ ಈ ಏರ್ಪಾಡು ಇದ್ದಿತು.

ಬ್ಯಾಟರಿಯ ಭಾರದ ತೊಡಕನ್ನು ಬಿಡಿಸಿದುದು ಲಿಥಿಯಮ್-ಅಯಾನು ಬ್ಯಾಟರಿ. ಸೀಸವು ಅತಿ ಭಾರವಾದ ಲೋಹಗಳಲ್ಲೊಂದು. ಲಿಥಿಯಮ್ ಎಲ್ಲ ಲೋಹಗಳಲ್ಲಿ ಹಗುರವಾದುದು. ೧೯೯೧ರಲ್ಲಿ ಮಾರುಕಟ್ಟೆಗೆ ಬಂದ ಈ ಬ್ಯಾಟರಿಯ ಮೂಲಸಂಶೋಧಕರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಅವರಿಗೆ ೨೦೧೯ರ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಬಂದಿತು. ಇಂದಿನ ಗಾಡಿಗಳಲ್ಲಿ ಅದು ಕಿಲೋಗ್ರಾಮಿಗೆ ಸುಮಾರು ೧೫೦ ವ್ಯಾಟ್-ಗಂಟೆಯನ್ನು ಕೊಡುತ್ತದೆ. ರೇವಾದ ೨೭೫ ಕಿಲೋಗ್ರಾಮಿನ ಕೆಲಸವನ್ನು ಇದರ ೬೫ ಕಿಲೋಗ್ರಾಮು ಮಾಡಬಲ್ಲುದು. ೨೦೧೦ರಲ್ಲಿ ಮಹೀಂದ್ರ ಸಂಸ್ಥೆಯು ರೇವಾ ಕಂಪೆನಿಯ ಹೆಚ್ಚಿನ ಪಾಲನ್ನು ಕೊಂಡಿತು. ೨೦೧೩ರಲ್ಲಿ ಹೊರಬಂದ ಅದರ ಮುಂದಿನ ಕಾರಿನಲ್ಲಿದ್ದುದು ಲಿಥಿಯಮ್ ಬ್ಯಾಟರಿಯೇ. ಆ ಗಾಡಿಗಳ ತಯಾರಿಕೆ ಈಗ ನಿಂತಿದೆ. ಆದರೆ ನೂರು ವರ್ಷದ ಹಿಂದೆ ಸೋತ ವಿಚಾರವನ್ನು ಸೀಸದ ಭಾರವನ್ನು ಹೊತ್ತುಕೊಂಡೇ ಮರಳಿ ರಸ್ತೆಗೆ ತಂದವರಲ್ಲಿ ಬೆಂಗಳೂರಿನವರೂ ಇದ್ದರೆಂಬುದು ಉಳಿಯುವ ಮಾತು.

೭. ಮುಂದಿನ ಕಲ್ಲು

ಹಾಗಾದರೆ ವಿದ್ಯುತ್ ಗಾಡಿಯಲ್ಲಿ ತೊಡಕೇ ಇಲ್ಲವೇ? ನಮ್ಮ ಸರಪಳಿ ಇಲ್ಲಿಗೆ ಮುಗಿಯಿತೆಂದು ಹೇಳಿದರೆ ಚರಿತ್ರೆಯಿಂದ ನಾವೇನೂ ಕಲಿಯಲಿಲ್ಲವೆಂದಾಗುತ್ತದೆ. ಸ್ಕೂಟರಿನ ಹಿಂದೆ ಹೊಗೆಯಿಲ್ಲ, ನಿಜ. ಆದರೆ ಅದಕ್ಕೆ ತುಂಬಿಸಿದ ವಿದ್ಯುತ್ತು ಎಲ್ಲಿಂದಲೋ ಬಂದಿರಬೇಕು. ಅದು ರಾಯಚೂರಿನ ಕಲ್ಲಿದ್ದಲಿನಿಂದ ಬಂದುದಾದರೆ ಹೊಗೆ ಇಲ್ಲಿಂದ ಅಲ್ಲಿಗೆ ಹೋಗಿದೆ, ಅಷ್ಟೆ. ಶರಾವತಿಯಿಂದ ಬಂದುದಾದರೆ ಹೊಗೆಯಿಲ್ಲ. ಆದರೆ ಲಿಂಗನಮಕ್ಕಿಯ ನೀರಿನ ಕೆಳಗೆ ಊರುಗಳು ಮುಳುಗಿದುವೆಂಬುದನ್ನೂ, ಆ ಊರುಗಳ ಜನರು ಮನೆ ತೋಟಗಳನ್ನು ಬಿಟ್ಟು ಹೊರಟರೆಂಬುದನ್ನೂ ಶಿವಮೊಗ್ಗ ಜಿಲ್ಲೆಯ ನಾವು ಮರೆಯುವಂತಿಲ್ಲ. ಲಿಥಿಯಮ್ಮಿಗೆ ಗಣಿಗಳನ್ನು ತೋಡಬೇಕು. ಹಳೆಯ ಬ್ಯಾಟರಿಗಳನ್ನು ಕರಗಿಸಿ ಮತ್ತೆ ಬಳಸಬೇಕು. ಶಕ್ತಿಯು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲವೆಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಪುಕ್ಕಟೆಯಾಗಿ ಬರುವುದೂ ಇಲ್ಲ ಎಂಬ ಮಾತನ್ನು ಅದಕ್ಕೆ ಸೇರಿಸಿಕೊಂಡರೆ ಒಳ್ಳೆಯದು.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಇದು ಉತ್ತರ. ಹಿಂದಿನವರು ಮೂಢರಾಗಿದ್ದುದರಿಂದ ಹೊಗೆ ಕುಡಿದವರಲ್ಲ. ತಮ್ಮ ಮುಂದಿದ್ದ ತೊಡಕನ್ನು ತಮಗೆ ದೊರೆತ ಸಾಮಗ್ರಿಯಿಂದ ಬಿಡಿಸಿದರು. ಅವರು ತಪ್ಪಿದ್ದು ಪರಿಹಾರದ ಲೆಕ್ಕವನ್ನು ಪೂರ್ತಿಯಾಗಿ ಬರೆಯದೆ ಹೋದಾಗ, ಸೀಸದ ವಿಷಯದಲ್ಲಿ ಆದಂತೆ. ಮುಂದಿನ ಮೈಲುಗಲ್ಲನ್ನು ನೆಡುವವರು ಇಂದು ತರಗತಿಯಲ್ಲಿ ಕುಳಿತಿರುವವರೇ. ಅವರು ಖರ್ಚಿನ ಪಟ್ಟಿಯನ್ನೂ ಬರೆಯಲು ಕಲಿತರೆ ಸಾಕು.

ಅಭ್ಯಾಸಕ್ಕೆ

(೧) ಬೆಂಜ್‌ನ ಎಂಜಿನ್ನಿನ ಮುಕ್ಕಾಲು ಅಶ್ವಸಾಮರ್ಥ್ಯವೆಲ್ಲ ಗಾಲಿಗೆ ತಲುಪಿತೆಂದು ಭಾವಿಸಿ, ಒಟ್ಟು ೪೦೦ ಕಿಲೋಗ್ರಾಮಿನ ಗಾಡಿಯನ್ನು ೧೦ ಮೀಟರು ಎತ್ತರದ ದಿಣ್ಣೆಗೆ ಏರಿಸಲು ಹಿಡಿಯುವ ಕಾಲವನ್ನು ಕಂಡುಹಿಡಿಯಿರಿ. ಘರ್ಷಣೆಯನ್ನು ಬಿಟ್ಟುಬಿಡಿ. (ಒಂದು ಅಶ್ವಸಾಮರ್ಥ್ಯ ೭೪೬ ವ್ಯಾಟು.)

(೨) ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಬ್ರೇಕು ಹಾಕಿದ ಗಾಡಿ ೨೦ ಮೀಟರಿನಲ್ಲಿ ನಿಲ್ಲುತ್ತದೆ. ಅದೇ ರಸ್ತೆಯಲ್ಲಿ ೯೦ರ ವೇಗದಲ್ಲಿದ್ದರೆ ಎಷ್ಟು ದೂರದಲ್ಲಿ ನಿಲ್ಲುವುದು?

(೩) ನಷ್ಟವೇನೂ ಇಲ್ಲವೆಂದು ಭಾವಿಸಿದರೆ, ೧೦ ಕಿಲೋವ್ಯಾಟ್-ಗಂಟೆಯ ಬ್ಯಾಟರಿಯನ್ನು ತುಂಬಿಸಲು ಜೋಗದಲ್ಲಿ ಎಷ್ಟು ಲೀಟರು ನೀರು ಧುಮುಕಬೇಕು?

ಉತ್ತರಗಳು: (೧) ಸುಮಾರು ೭೦ ಸೆಕೆಂಡು. (೨) ೪೫ ಮೀಟರು. (೩) ಸುಮಾರು ೧೪,೫೦೦ ಲೀಟರು.